ಕ್ರಿಸ್‌ಮಸ್ ರೀತ್ ಮನೆಯಲ್ಲೇ ಕಟ್ಟುವುದು: ತಂತಿಯಲ್ಲೋ, ಗ್ಲೂ ಗನ್‌ನಲ್ಲೋ?

ಬಾಗಿಲಬಳಿ
ಕ್ರಿಸ್‌ಮಸ್‌ಗೆ ಬಾಗಿಲಿಗೆ ತೂಗುಹಾಕುವ ಹಸಿರು ಸೊಪ್ಪಿನ ಬಳೆ ಇದೆಯಲ್ಲ, ರೀತ್, ಈ ಸಲ ಅದು ಪ್ಲಾಸ್ಟಿಕ್‌ನದು ಬೇಡ, ಹಸಿ ಸೊಪ್ಪಿನಲ್ಲೇ ಕಟ್ಟೋಣ ಅಂತ ಹೊರಟಿದ್ದೇನೆ. ಇದೇ ಮೊದಲು. ಕೈಯಲ್ಲಿ ಇರುವುದು ಇಷ್ಟು: 30 ಸೆಂ.ಮೀ. ಅಗಲದ ತಂತಿ ರಿಂಗ್, ಒಂದು ತಬ್ಬು ಫರ್ (ಸೂಜಿಯೆಲೆಯ ಮರ) ರೆಂಬೆ, ಸ್ವಲ್ಪ ತೂಜ (ಚಪ್ಪಟೆ ಸೊಪ್ಪಿನ ಅಲಂಕಾರ ಗಿಡ), ಒಂದು ಚೀಲ ಪೈನ್ ಕಾಯಿ, ಅಂಟು ಕರಗಿಸಿ ಹಚ್ಚುವ ಗ್ಲೂ ಗನ್. ನೋಡಿದ ವಿಡಿಯೊಗಳಲ್ಲಿ ಒಬ್ಬರು ಎಲ್ಲವನ್ನೂ ಅಂಟಿಸುತ್ತಾರೆ, ಇನ್ನೊಬ್ಬರು ಅಂಟು ಮುಟ್ಟುವುದೇ ಇಲ್ಲ. ಯಾರ ಮಾತು ಕೇಳಲಿ? ಈ ಸೊಪ್ಪು ಸಾಕಾಗುತ್ತದಾ? ಡಿಸೆಂಬರ್ ಮೊದಲ ವಾರ ಬಾಗಿಲಿಗೆ ಹಾಕಿದರೆ ಹಬ್ಬದವರೆಗೆ ಹಸಿರಾಗಿ ಉಳಿಯುತ್ತದಾ?

ಇಕ್ಕಳ
ತಂತಿ. ಮುಗೀತು.

ಅಂಟುಪುರಾಣ
ಎಲ್ಲಿ ಮುಗೀತು ರೀ? ಒಣಗಿದ ಬಳ್ಳಿ ರಿಂಗ್ ಮೇಲೆ ಒಣ ಹೂ, ಒಣ ಕಾಯಿ, ರಿಬ್ಬನ್ ಕೂರಿಸುವುದಾದರೆ ಗ್ಲೂ ಗನ್‌ನಷ್ಟು ಸಲೀಸು ಇನ್ನೊಂದಿಲ್ಲ. ತಂತಿ ತಂತಿ ಅಂತ ಎಲ್ಲದಕ್ಕೂ ಹಟ ಹಿಡಿಯಬೇಡಿ.

ಕತ್ತರಿಕೈ
ಅವರು ಕೇಳಿರುವುದು ಹಸಿ ಸೊಪ್ಪಿನ ಬಗ್ಗೆ ಅಲ್ವಾ? ಹಸಿ ಸೊಪ್ಪಿಗೆ ಬಿಸಿ ಅಂಟು ಹಿಡಿಯುವುದಿಲ್ಲ. ಎಲೆ ಮೇಲೆ ಮೇಣವೂ ಇರುತ್ತದೆ, ತೇವವೂ ಇರುತ್ತದೆ. ಹಿಡಿದ ಹಾಗೆ ಕಂಡರೂ ರೆಂಬೆ ಒಣಗುತ್ತಾ ಕುಗ್ಗಿದಾಗ ಅಂಟಿನ ಗುಳ್ಳೆ ಹಾಗೇ ಕಳಚಿಕೊಂಡು ಬರುತ್ತದೆ. ಜೊತೆಗೆ ಆ ಅಂಟು ಕೊರೆಯುವ ಚಳಿಯಲ್ಲಿ ಗಾಜಿನಂತೆ ಒಡೆಯುತ್ತದೆ, ನೇರ ಬಿಸಿಲು ಬಿದ್ದರೆ ಮೆತ್ತಗಾಗುತ್ತದೆ. ಹೊರಬಾಗಿಲಿಗೆ ಎರಡೂ ಕೆಡುಕೇ.

ಈಗ ಕಟ್ಟುವ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲು ಕೂತು ಕಂತೆ ಮಾಡಿ. ರಿಂಗ್ ಕಡೆ ನೋಡಲೇ ಬೇಡಿ. ರೆಂಬೆಯ ತುದಿಗಳನ್ನು 12ರಿಂದ 15 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, 4-5 ತುದಿ ಸೇರಿಸಿ ಒಂದು ಹಿಡಿ ಮಾಡಿ. ಹಿಂದೆ ಅಗಲವಾದ ಫರ್, ಮುಂದೆ ತೂಜ, ಅದರ ಮುಂದೆ ಚಿಕ್ಕದೊಂದು. ಎಲ್ಲ ಕಂತೆಯೂ ಒಂದೇ ಉದ್ದ, ಒಂದೇ ದಪ್ಪ ಇರಬೇಕು. ಹೆಚ್ಚಿನವರು ಇಲ್ಲಿ ಅವಸರ ಮಾಡುತ್ತಾರೆ. ಮೊದಲ ಕಂತೆ ದಪ್ಪ, ಸೊಪ್ಪು ಮುಗಿಯುತ್ತಾ ಬಂದ ಹಾಗೆ ಕೊನೆಯದು ಸಣಕಲು. ಆಮೇಲೆ ಆ ಸೊಟ್ಟವನ್ನು ಮುಚ್ಚಲು ರಿಬ್ಬನ್‌ನ ದೊಡ್ಡ ಬೋ ಹುಡುಕುತ್ತಾರೆ.

ಎಷ್ಟು ಕಂತೆ ಬೇಕು? 30 ಸೆಂ.ಮೀ. ರಿಂಗ್‌ನ ಸುತ್ತಳತೆ ಸುಮಾರು 94 ಸೆಂ.ಮೀ. ಆರಾರು ಸೆಂ.ಮೀ.ಗೆ ಒಂದು ಕಂತೆ ಅಂದರೆ 16. ಕಂತೆಗೆ 4-5 ತುದಿಯಂತೆ 70-80 ತುದಿ. ನಿಮ್ಮ ಒಂದು ತಬ್ಬು ಕೇಳಲು ಜಾಸ್ತಿ ಅನ್ನಿಸುತ್ತದೆ, ಕತ್ತರಿಸಿ ಎಣಿಸಿ ನೋಡಿ. ನನಗೆ ಅನುಮಾನ ಇದೆ.

ಈಗ ತಂತಿ. 0.6-0.7 ಮಿ.ಮೀ. ದಪ್ಪದ ಹಸಿರು ಬಣ್ಣದ ತಂತಿ, ರೀಲ್ ಸಮೇತ. ತುಂಡು ತುಂಡು ಮಾಡಬೇಡಿ. ರಿಂಗ್‌ಗೆ ಒಂದು ಕೊನೆ ಗಟ್ಟಿಯಾಗಿ ಸುತ್ತಿ ಹುರಿ ಮಾಡಿ. ಮೊದಲ ಕಂತೆ ಇಡಿ, ಅದರ ಕಡ್ಡಿಗಳ ಮೇಲೆ ಮೂರು ಸುತ್ತು. ಪ್ರತಿ ಸುತ್ತಿಗೂ ಎಳೆಯಿರಿ, ತಂತಿ ತೊಗಟೆಗೆ ಕಚ್ಚುವಷ್ಟು. ರೀಲ್ ಕತ್ತರಿಸದೆ ಎರಡನೇ ಕಂತೆ ಇಡಿ. ಅದರ ತಲೆ ಮೊದಲ ಕಂತೆಯ ಕಡ್ಡಿ ಮತ್ತು ತಂತಿಯನ್ನು ಮುಚ್ಚಬೇಕು. ಮತ್ತೆ ಮೂರು ಸುತ್ತು. ಹೀಗೇ ಒಂದೇ ದಿಕ್ಕಿನಲ್ಲಿ ಸುತ್ತ ಹೋಗುವುದು. ಒಂದು ಕಂತೆಯನ್ನು ಕೊಂಚ ಒಳಮುಖವಾಗಿ, ಮುಂದಿನದನ್ನು ಕೊಂಚ ಹೊರಮುಖವಾಗಿ ಇಟ್ಟರೆ ರಿಂಗ್‌ನ ಎರಡೂ ಅಂಚು ಮುಚ್ಚುತ್ತದೆ.

ಇಷ್ಟು ಬಿಗಿ ಯಾಕೆ ಅಂದರೆ, ಕಡ್ಡಿ ಒಣಗುತ್ತಾ ತೆಳ್ಳಗಾಗುತ್ತದೆ. ಇವತ್ತು ಸರಿಯಾಗಿರುವ ಸುತ್ತು ಎರಡು ವಾರ ಬಿಟ್ಟು ಸಡಿಲ. ಬಾಗಿಲು ಜೋರಾಗಿ ಹಾಕಿದರೆ ಕಂತೆ ಜಾರಿ ಕೆಳಗೆ.

ಬಾಗಿಲಬಳಿ
ಇಷ್ಟು ವಿವರವಾಗಿ ಯಾವ ವಿಡಿಯೊದಲ್ಲೂ ಇರಲಿಲ್ಲ, ಥ್ಯಾಂಕ್ಸ್ ಸರ್. ಸುತ್ತ ಬಂದು ಮೊದಲ ಕಂತೆಗೆ ತಲುಪಿದಾಗ ಏನು ಮಾಡುವುದು? ಕೊನೇ ಕಂತೆಯ ಕಡ್ಡಿ ಕಾಣುತ್ತದಲ್ಲ?

ಕತ್ತರಿಕೈ
ಮೊದಲ ಕಂತೆಯ ತಲೆಯನ್ನು ಒಂದು ಕೈಯಲ್ಲಿ ಮೇಲಕ್ಕೆತ್ತಿ ಹಿಡಿದು, ಕೊನೆಯದರ ಕಡ್ಡಿಯನ್ನು ಅದರಡಿಗೆ ತೂರಿಸಿ ಕಟ್ಟಿ. ಕೊನೇ ಕಂತೆಯ ಕಡ್ಡಿ ಮಾತ್ರ ಉಳಿದದ್ದಕ್ಕಿಂತ ಗಿಡ್ಡ ಇರಲಿ. ಆಮೇಲೆ ರೀಲ್ ಕತ್ತರಿಸಿ, ಹಿಂಬದಿಯಲ್ಲಿ ರಿಂಗ್‌ಗೆ ಹುರಿ ಮಾಡಿ, ಚೂಪು ಕೊನೆಯನ್ನು ಸೊಪ್ಪಿನ ಕಡೆ ಮಡಚಿ. ಇಲ್ಲದಿದ್ದರೆ ಬಾಗಿಲಿನ ಪೇಂಟ್ ಗೀಚುತ್ತದೆ.

ತೋಟಗಾತಿ
ಕಟ್ಟುವುದು ಹೇಗೆ ಅಂತ ಆಯ್ತು. ಯಾವ ಸೊಪ್ಪು ಅನ್ನುವುದೂ ಅಷ್ಟೇ ಮುಖ್ಯ. ಬಾಗಿಲಬಳಿ, ನಿಮ್ಮದು ನಿಜಕ್ಕೂ ಫರ್ ಹೌದಾ? ಒಂದು ಸೂಜಿಯೆಲೆ ಕಿತ್ತು ಹೆಬ್ಬೆರಳು ತೋರುಬೆರಳಿನ ನಡುವೆ ಹೊರಳಿಸಿ. ಚಪ್ಪಟೆಯಾಗಿ ಹೊರಳದೆ ನಿಂತರೆ ಫರ್. ನಾಲ್ಕು ಮೂಲೆ ತಗುಲಿ ಸಲೀಸಾಗಿ ಹೊರಳಿದರೆ ಸ್ಪ್ರೂಸ್. ಸೂಜಿಗಳು ಎರಡು, ಮೂರು ಅಥವಾ ಐದರ ಜೊತೆಯಾಗಿ ಒಂದೇ ಬುಡದಿಂದ ಬಂದಿದ್ದರೆ ಪೈನ್.

ಇದು ಸುಮ್ನೆ ಗಿಡ ಗುರುತಿಸುವ ಆಟ ಅಲ್ಲ. ಕತ್ತರಿಸಿದ ಮೇಲೆ ಫರ್ ವಾರಗಟ್ಟಲೆ ಸೂಜಿ ಹಿಡಿದುಕೊಳ್ಳುತ್ತದೆ. ಸ್ಪ್ರೂಸ್ ಬೆಚ್ಚಗಿನ ಕೋಣೆಯಲ್ಲಿ ಬೇಗ ಉದುರುತ್ತದೆ, ಕೈಗೂ ಚುಚ್ಚುತ್ತದೆ. ಪೈನ್ ಉದುರುವುದು ಕಡಿಮೆ, ಆದರೆ ಕೈಯೆಲ್ಲ ಅಂಟು ರಾಳ. ಅದನ್ನು ಬಿಡಿಸಲು ಸೋಪಿಗಿಂತ ಮೊದಲು ಅಡುಗೆ ಎಣ್ಣೆ ಹಚ್ಚಿ ಉಜ್ಜಿ.

ಫರ್ ಸಿಗದ ಕಡೆ ಇರುವವರು ಕೈಕಟ್ಟಿ ಕೂರಬೇಕಿಲ್ಲ. ತೂಜ, ಸೈಪ್ರೆಸ್, ಜುನಿಪರ್, ಸರ್ವೆ ಎಲ್ಲವೂ ನಡೆಯುತ್ತವೆ. ನೀಲಗಿರಿ ಸೊಪ್ಪು ಇದ್ದಲ್ಲೇ ಒಣಗಿದರೂ ಆಕಾರ ಕೆಡುವುದಿಲ್ಲ. ಮ್ಯಾಗ್ನೋಲಿಯಾದ ದಪ್ಪ ಎಲೆಯನ್ನು ಅಲ್ಲಲ್ಲಿ ತಿರುವಿ ಇಟ್ಟರೆ ಕೆಳಮೈಯ ಕಂದು ಬಣ್ಣ ಚೆನ್ನಾಗಿ ಕಾಣುತ್ತದೆ.

ಅಂಟುಪುರಾಣ
ನನ್ನ ಓಟು ಬಳ್ಳಿಗೆ. ದ್ರಾಕ್ಷಿ ಬಳ್ಳಿ ಸವರಿದಾಗ ಸಿಗುವ ಉದ್ದನೆ ಕಡ್ಡಿಗಳನ್ನು ಹಸಿಯಾಗಿರುವಾಗಲೇ ಸಿಂಬೆ ಸುತ್ತಿದ ಹಾಗೆ ಸುತ್ತಿ, ಉಳಿದ ಕೊನೆಯನ್ನು ಒಳಗೆ ಹೊರಗೆ ತೂರಿಸುತ್ತಾ ಹೋದರೆ ರಿಂಗ್ ತಯಾರು. ತಂತಿಯೂ ಬೇಡ. ಒಣಗಿದ ಮೇಲೆ ಕಲ್ಲಿನಂತೆ ಗಟ್ಟಿ. ಒಣಗಿಬಿಟ್ಟ ಬಳ್ಳಿಯನ್ನು ಬೆಚ್ಚಗಿನ ನೀರಲ್ಲಿ ಕೆಲವು ಗಂಟೆ ನೆನೆಸಿದರೆ ಮತ್ತೆ ಬಾಗುತ್ತದೆ. ಬಳ್ಳಿಯೇ ನೋಡಲು ಚೆಂದ ಇರುವುದರಿಂದ ಪೂರ್ತಿ ಮುಚ್ಚುವುದೂ ಬೇಡ, ಕೆಳಗಿನ ಮೂರನೇ ಒಂದು ಭಾಗಕ್ಕೆ ಸೊಪ್ಪು ಸಾಕು. 16 ಕಂತೆ ಕಟ್ಟುವ ತಾಳ್ಮೆ ಇಲ್ಲದವರಿಗೆ ಇದೇ ದಾರಿ.

ಇಕ್ಕಳ
ಇದು ಒಪ್ಪಿದೆ.

ಕತ್ತರಿಕೈ
ನಾನೂ ಒಪ್ಪಿದೆ. ಬಳ್ಳಿ ರಿಂಗ್ ಎಷ್ಟೋ ವರ್ಷ ಬರುತ್ತದೆ. ದಯವಿಟ್ಟು ಯಾರೂ ನೀರು ಹೀರುವ ಹಸಿರು ಫೋಮ್ ರಿಂಗ್ ಕೊಳ್ಳಬೇಡಿ. ಅದು ಫೀನಾಲಿಕ್ ಪ್ಲಾಸ್ಟಿಕ್. ಮುಟ್ಟಿದರೆ ಪುಡಿ, ಆ ಪುಡಿ ಮಣ್ಣಿಗೂ ನೀರಿಗೂ ಸೇರಿ ಹಾಗೇ ಉಳಿಯುತ್ತದೆ. ಬ್ರಿಟನ್‌ನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಹೂ ಪ್ರದರ್ಶನಗಳಲ್ಲೇ ಅದನ್ನು ನಿಲ್ಲಿಸಿದೆ. ತೇವ ಬೇಕೇ ಬೇಕು ಅಂದರೆ ತಂತಿ ರಿಂಗ್‌ಗೆ ನೆನೆಸಿದ ಸ್ಫ್ಯಾಗ್ನಂ ಪಾಚಿ ಸುತ್ತಿ, ಅದರ ಮೇಲೆ ಕಂತೆ ಕಟ್ಟಿ. ಆ ಪಾಚಿ ತನ್ನ ಒಣ ತೂಕದ ಸುಮಾರು 20 ಪಟ್ಟು ನೀರು ಹಿಡಿಯುತ್ತದೆ, ಸೊಪ್ಪು ಹಸಿರಾಗಿಯೇ ಉಳಿಯುತ್ತದೆ. ಆದರೆ ರೀತ್ ಭಾರವಾಗುತ್ತದೆ, ಹಿಂದೆ ಪ್ಲಾಸ್ಟಿಕ್ ಹಾಳೆ ಕಟ್ಟದಿದ್ದರೆ ಬಾಗಿಲ ಮೇಲೆ ಕಂದು ನೀರಿನ ಗೆರೆ.

ಬಾಗಿಲಬಳಿ
ಹೊರಳಿಸಿ ನೋಡಿದೆ, ಫರ್ ಹೌದು. ಆದರೆ ಎಣಿಸಿದರೆ ಕತ್ತರಿಕೈ ಹೇಳಿದ್ದೇ ಸರಿ, 50 ದಾಟಲಿಲ್ಲ. ಇನ್ನಷ್ಟು ತರುವವರೆಗೆ ಇದನ್ನು ಹೇಗೆ ಇಡಲಿ?

ತೋಟಗಾತಿ
ಕಡ್ಡಿಯ ಬುಡ ಓರೆಯಾಗಿ ಕತ್ತರಿಸಿ ಬಕೆಟ್ ನೀರಲ್ಲಿ ನಿಲ್ಲಿಸಿ, ನೆರಳಿರುವ ತಂಪು ಜಾಗದಲ್ಲಿ. ರಾತ್ರಿಯಿಡೀ ಕುಡಿಯಲಿ. ರಿಂಗ್‌ಗೆ ಕಟ್ಟಿದ ಮೇಲೆ ಬುಡದಿಂದ ನೀರು ಸಿಗುವುದಿಲ್ಲ, ಈಗ ತುಂಬಿಕೊಂಡಷ್ಟೇ.

ಹಣ್ಣಿನ ಬುಟ್ಟಿಯ ಪಕ್ಕ ಮಾತ್ರ ಇಡಬೇಡಿ. ಮಾಗುವ ಸೇಬು, ಬಾಳೆ ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ. ಕತ್ತರಿಸಿದ ಫರ್ ರೆಂಬೆ ತಾನೂ ಅದನ್ನೇ ಹೊರಹಾಕುತ್ತದೆ, ಅದು ಹೆಚ್ಚಾದಂತೆ ಸೂಜಿ ಉದುರಲು ಶುರು. ಇನ್ನೊಂದು ವಿಷಯ: ಕೆಲವು ರಾತ್ರಿ ಗಟ್ಟಿ ಹಿಮ ಬಿದ್ದ ಮೇಲೆ ಕತ್ತರಿಸಿದ ಫರ್ ಹೆಚ್ಚು ದಿನ ತಾಳುತ್ತದೆ. ಅಮೆರಿಕದ ಮೇನ್ ರಾಜ್ಯದಲ್ಲಿ ರೀತ್‌ಗಾಗಿ ಬಾಲ್ಸಂ ಫರ್ ತುದಿ ಮುರಿಯುವವರು ಅದಕ್ಕೇ ಶರತ್ಕಾಲದ ಚಳಿ ಬಲಿಯುವ ತನಕ ಕಾಯುತ್ತಾರೆ.

ಹಬ್ಬದವರೆಗೆ ಉಳಿಯುತ್ತದಾ ಅಂದಿರಿ. ತಂಪಾದ ಹೊರಬಾಗಿಲಿಗೆ ಮೂರು ನಾಲ್ಕು ವಾರ ಧಾರಾಳ. ಹೀಟರ್ ಹಾಕಿದ ಕೋಣೆಯೊಳಗೆ ಒಂದು ವಾರ, ಹತ್ತು ದಿನ ಅಷ್ಟೇ. ದಿನಾ ಬೆಳಿಗ್ಗೆ ಹಿಂದೆ ಮುಂದೆ ನೀರು ಚಿಮುಕಿಸಿ. ಬಾಗಿಲ ಹೊರಗೆ ಇನ್ನೊಂದು ಗಾಜಿನ ಬಾಗಿಲು ಇದ್ದರೆ ಅವೆರಡರ ನಡುವೆ ತೂಗುಹಾಕಲೇ ಬೇಡಿ. ಬಿಸಿಲು ಬಿದ್ದರೆ ಆ ಸಂದು ಒಲೆಯಷ್ಟು ಕಾಯುತ್ತದೆ.

ಸಣ್ಣಮನೆ
ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಸರ ಬೇಡ. ನನಗೆ ಬಾಗಿಲಿಗೆ ಬೇಡ, ಮೇಜಿನ ಮೇಲೆ ಮಲಗಿಸಿ ನಡುವೆ ನಾಲ್ಕು ಮೇಣದಬತ್ತಿ ಇಡುವ ಆಸೆ. ಅದೂ ಇದೇ ರೀತ್ ತಾನೇ?

ಹಳೇಪುಟ
ರೂಪ ಒಂದೇ, ಕಥೆ ಬೇರೆ. ನೀವು ಹೇಳುತ್ತಿರುವುದು ಆಡ್ವೆಂಟ್ ರೀತ್. ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳಿಗೆ ನಾಲ್ಕು ಬತ್ತಿ, ವಾರಕ್ಕೊಂದು ಹೆಚ್ಚಾಗಿ ಹಚ್ಚುತ್ತಾ ಹೋಗುವುದು. ಇದರ ಶುರು ತಕ್ಕಮಟ್ಟಿಗೆ ಸ್ಪಷ್ಟವಾಗಿ ಗೊತ್ತಿದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಶ್ ವಿಶರ್ನ್ ಎಂಬ ಪಾದ್ರಿ 1839ರಲ್ಲಿ ಹಳೇ ಗಾಡಿಚಕ್ರಕ್ಕೆ ಬತ್ತಿ ಸಿಗಿಸಿದರು. ಹಬ್ಬ ಯಾವಾಗ, ಇನ್ನೆಷ್ಟು ದಿನ ಅಂತ ಮಕ್ಕಳು ದಿನಾ ಪೀಡಿಸುತ್ತಿದ್ದರಂತೆ. ಭಾನುವಾರಕ್ಕೆ ದೊಡ್ಡ ಬಿಳಿ ಬತ್ತಿ, ಉಳಿದ ದಿನಗಳಿಗೆ ಸಣ್ಣ ಕೆಂಪು ಬತ್ತಿ. ಹಸಿರು ಸೊಪ್ಪು ಸುತ್ತುವುದು ಆಮೇಲೆ ಸೇರಿಕೊಂಡಿದ್ದು. ಮನೆಗಳಿಗೆ ಬರುವಷ್ಟರಲ್ಲಿ ಭಾನುವಾರದ ನಾಲ್ಕು ಬತ್ತಿ ಮಾತ್ರ ಉಳಿಯಿತು.

ಕತ್ತರಿಕೈ
ಸಣ್ಣಮನೆ, ಒಂದೇ ಮಾತು. ಒಣಗಿದ ಫರ್ ಅಂದರೆ ರಾಳ ತುಂಬಿದ ಪುರಳೆ. ಕಿಡಿ ತಾಗಿದರೆ ನೀವು ನೀರು ತರುವುದರೊಳಗೆ ಎಲ್ಲ ಮುಗಿದಿರುತ್ತದೆ. ಮೇಜಿನ ರೀತ್‌ಗೆ ಬ್ಯಾಟರಿಯ ಎಲ್‌ಇಡಿ ಬತ್ತಿ ಇಡಿ. ನಿಜವಾದ ಬತ್ತಿಯೇ ಆಗಬೇಕು ಅಂದರೆ ಪ್ರತಿ ಬತ್ತಿಗೂ ಅಗಲವಾದ ಲೋಹದ ತಟ್ಟೆ ಬೇಕು, ಸೊಪ್ಪು ಅದರಿಂದ ದೂರ ಇರಬೇಕು, ಕೋಣೆ ಬಿಟ್ಟು ಏಳುವ ಮೊದಲು ಆರಿಸಬೇಕು. ಸೂಜಿ ಮುಟ್ಟಿದರೆ ಉದುರುವ ಹಂತಕ್ಕೆ ಬಂದರೆ ಆ ಸೊಪ್ಪು ತೆಗೆದೇಬಿಡಿ.

ಸಣ್ಣಮನೆ
ಎಲ್‌ಇಡಿ ಅಂತಲೇ ಇಟ್ಟುಕೊಳ್ಳಿ.

ಬೆಕ್ಕಿನಮನೆ
ನನ್ನ ಪ್ರಶ್ನೆಯೂ ಸುರಕ್ಷತೆಯದೇ. ಮನೆಯಲ್ಲಿ ಎರಡು ಬೆಕ್ಕು, ನಡೆಯಲು ಕಲಿಯುತ್ತಿರುವ ಮಗು. ಕೆಂಪು ಹಣ್ಣಿನ ಹಾಲಿ (holly) ಗಿಡದ ಸೊಪ್ಪು ಇಲ್ಲದೆ ಕ್ರಿಸ್‌ಮಸ್ ರೀತ್ ಅನ್ನಿಸುವುದೇ ಇಲ್ಲ, ಆದರೆ ಅದು ವಿಷ ಅಂತಾರಲ್ಲ?

ತೋಟಗಾತಿ
ಹಾಲಿ ಹಣ್ಣು ತಿಂದರೆ ವಾಂತಿ, ಭೇದಿ ಆಗುತ್ತದೆ. ಹಬ್ಬದ ಅಲಂಕಾರಕ್ಕೆ ಬಳಸುವ ಮಿಸಲ್‌ಟೋ ಗಿಡ, ಐವಿ ಬಳ್ಳಿ ಇವೂ ಬಾಯಿಗೆ ಹೋಗಬಾರದು. ಐವಿ ರಸ ಕೆಲವರ ಕೈಗೆ ತುರಿಕೆ ತರುತ್ತದೆ, ಕೈಗವಸು ಹಾಕಿ ಕಟ್ಟಿ. ನಿಜಕ್ಕೂ ಹೆದರಬೇಕಾದದ್ದು ಯೂ ಗಿಡಕ್ಕೆ. ನೋಡಲು ಫರ್ ಥರವೇ ಚಪ್ಪಟೆ ಸೂಜಿ, ಕೆಂಪು ಹಣ್ಣು. ಆ ಹಣ್ಣಿನ ಕೆಂಪು ತಿರುಳು ಬಿಟ್ಟು ಎಲೆ, ತೊಗಟೆ, ಬೀಜ ಎಲ್ಲವೂ ಹೃದಯ ನಿಲ್ಲಿಸುವಂಥ ವಿಷ. ಗುರುತು ಸಿಗದ ಬೇಲಿಯಿಂದ ಸೊಪ್ಪು ಕತ್ತರಿಸಬಾರದು ಅನ್ನುವುದು ಇದಕ್ಕೇ.

ನಿಮ್ಮ ಮನೆಗೆ ಗುಲಾಬಿ ಕಾಯಿ ಆಗಬಹುದು ಬೆಕ್ಕಿನಮನೆ ಅಕ್ಕ. ಹೂ ಉದುರಿದ ಮೇಲೆ ಗಿಡದಲ್ಲೇ ಬಿಟ್ಟರೆ ಕೆಂಪಗೆ ಬಲಿಯುತ್ತದಲ್ಲ, ಅದು. ಔಷಧಿ ಹೊಡೆಯದ ಗಿಡದ್ದಾಗಿರಲಿ. ಆದರೂ ಮಗುವಿನ ಕೈಗೆಟುಕದ ಎತ್ತರದಲ್ಲೇ ಹಾಕಿ. ವಿಷವಲ್ಲದ ಹಣ್ಣೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬೆಕ್ಕಿಗಂತೂ ಎತ್ತರ ಲೆಕ್ಕವೇ ಅಲ್ಲ, ಹಾಗಾಗಿ ಹೊರಬಾಗಿಲೇ ಕ್ಷೇಮ.

ಉತ್ತರ ಅಮೆರಿಕದಲ್ಲಿರುವವರಿಗೆ ಒಂದು ಮಾತು. ಕಿತ್ತಳೆ ಹಣ್ಣಿನ ಓರಿಯೆಂಟಲ್ ಬಿಟರ್‌ಸ್ವೀಟ್ ಬಳ್ಳಿ ರೀತ್‌ಗೆ ಬಹಳ ಚೆಂದ ಅಂತ ಕಾಡಿಂದ ತರಬೇಡಿ. ಹಕ್ಕಿಗಳು ಆ ಹಣ್ಣು ತಿಂದು ಬೀಜ ಎಲ್ಲೆಡೆ ಬಿತ್ತುತ್ತವೆ. ಅಲ್ಲಿ ಅದು ದೊಡ್ಡ ಮರಗಳನ್ನೇ ಸುತ್ತಿ ಕೊಲ್ಲುವ ಕಳೆ.

ಅಂಟುಪುರಾಣ
ಅಲಂಕಾರದ ವಿಷಯ ಬಂತಲ್ಲ, ಈಗ ನನ್ನ ಸರದಿ. ಕಿತ್ತಳೆ ಬಿಲ್ಲೆ ಒಣಗಿಸಿ ಸಿಗಿಸಿ ನೋಡಿ. 5-6 ಮಿ.ಮೀ. ದಪ್ಪಕ್ಕೆ ಕೊಯ್ದು, ಬಟ್ಟೆಯಲ್ಲಿ ಒತ್ತಿ ರಸ ತೆಗೆದು, ಓವನ್‌ನಲ್ಲಿ 90-100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ನಾಲ್ಕು ಗಂಟೆ, ನಡುನಡುವೆ ಮಗುಚುತ್ತಾ. ಉರಿ ಹೆಚ್ಚಿಸಿದರೆ ಕಂದಾಗುತ್ತದೆ. ಬೆಳಕಿಗೆ ಹಿಡಿದಾಗ ಬಣ್ಣದ ಗಾಜಿನ ಹಾಗೆ ಕಂಡರೆ ಸರಿಯಾಗಿದೆ ಅಂತ.

ಇಕ್ಕಳ
ಮಳೆ ತಾಗಿದರೆ ಬೂಷ್ಟು. ಸೂರಿನಡಿ ಇದ್ದರೆ ಮಾತ್ರ.

ಬಾಗಿಲಬಳಿ
ಸೊಪ್ಪು ತಂದೆ, ಕಟ್ಟಿದೆ! 17 ಕಂತೆ ಹಿಡಿಯಿತು. ತಂತಿ ಎಳೆದು ಬೆರಳು ಉರಿಯುತ್ತಿದೆ, ಆದರೆ ರಿಂಗ್ ಹಿಡಿದು ಜೋರಾಗಿ ಅಲ್ಲಾಡಿಸಿದರೂ ಒಂದು ಕಡ್ಡಿ ಜಾರಲಿಲ್ಲ. ಕಟ್ಟಿ ಮುಗಿದ ಮೇಲೆ ಅಡ್ಡಗಲ ಸುಮಾರು 50 ಸೆಂ.ಮೀ. ಇದೆ. ಈಗ ಪೈನ್ ಕಾಯಿ. ಇದನ್ನಾದರೂ ಅಂಟಿಸಬಹುದಾ? ಕಾಯಿಯೊಳಗಿಂದ ಸಣ್ಣ ಹುಳು ಬೇರೆ ಹೊರಬರುತ್ತಿದೆ.

ಕತ್ತರಿಕೈ
ಮೊದಲು ಹುಳು. ಟ್ರೇಗೆ ಫಾಯಿಲ್ ಹಾಸಿ ಕಾಯಿ ಹರಡಿ, 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಹುಳು ಸಾಯುತ್ತದೆ, ಮುಚ್ಚಿದ ಕಾಯಿ ಅರಳುತ್ತದೆ, ರಾಳ ಕರಗಿ ಮೇಲೆ ಹೊಳಪು ಬರುತ್ತದೆ. ರಾಳ ಉರಿಯುವ ವಸ್ತು, ಹಾಗಾಗಿ ಓವನ್ ಬಿಟ್ಟು ಕದಲಬೇಡಿ.

ಆಮೇಲೆ ತಂತಿ, ಮತ್ತೆ ತಂತಿಯೇ. ಒಂದು ಗೇಣು ತಂತಿಯನ್ನು ಕಾಯಿಯ ಬುಡದ ಕೊನೇ ಸಾಲಿನ ಪಕಳೆಗಳ ಸಂದಿಯಲ್ಲಿ ಸುತ್ತ ತಂದು, ಎರಡು ಕೊನೆ ಸೇರಿಸಿ ಹುರಿ ಮಾಡಿ. ಎದುರಿಂದ ತಂತಿ ಕಾಣುವುದಿಲ್ಲ. ಆ ಬಾಲವನ್ನು ಸೊಪ್ಪಿನ ನಡುವೆ ತೂರಿಸಿ ಹಿಂದೆ ರಿಂಗ್‌ಗೆ ಬಿಗಿಯಿರಿ. ಕಾಯಿಗಳನ್ನು ಗಡಿಯಾರದ ಅಂಕಿಗಳಂತೆ ಸಮ ದೂರದಲ್ಲಿ ಇಡಬೇಡಿ. ಮೂರು ಒಂದು ಕಡೆ ಗುಂಪಾಗಿ, ಎರಡು ಇನ್ನೊಂದು ಕಡೆ, ಅಷ್ಟೇ. 17 ಕಂತೆ ಕಟ್ಟಿದ ಸೊಪ್ಪು ಕಾಣಿಸಲಿ ಮಾರಾಯ್ರೆ, ಮುಚ್ಚಲು ಯಾಕಿಷ್ಟು ಆಸೆ?

ಅಂಟುಪುರಾಣ
ಬೋ ಆದರೂ ಇರಲಿ ಸ್ವಾಮಿ.

ಕತ್ತರಿಕೈ
ಒಂದು ಇರಲಿ. ಅಂಚಿನಲ್ಲಿ ತಂತಿ ಇರುವ ರಿಬ್ಬನ್ ಆದರೆ ಮಳೆಗೂ ಜೋಲು ಬೀಳುವುದಿಲ್ಲ. ಬೋ ಕಟ್ಟುವುದೂ ತಂತಿಯಲ್ಲೇ.

ಬಾಗಿಲಬಳಿ
ತೂಗುಹಾಕಿದೆ. ಎರಡು ತೊಂದರೆ. ಬಾಗಿಲು ತೆಗೆದು ಹಾಕಿದಾಗಲೆಲ್ಲ ರೀತ್ ತಿರುಗಿ ಬೋ ಪಕ್ಕಕ್ಕೆ ಹೋಗುತ್ತದೆ. ಇನ್ನೊಂದು, ನಿನ್ನೆ ಮಳೆ ಎರಚಲು ಹೊಡೆದ ಮೇಲೆ ಅರಳಿದ್ದ ಪೈನ್ ಕಾಯಿಗಳೆಲ್ಲ ಮುಚ್ಚಿಕೊಂಡಿವೆ! ಹಾಳಾದವಾ?

ತೋಟಗಾತಿ
ಹಾಳಾಗಿಲ್ಲ, ಅದು ಕಾಯಿಯ ಸ್ವಭಾವ. ಪ್ರತಿ ಪಕಳೆಯಲ್ಲೂ ಎರಡು ಪದರ ಇದೆ. ತೇವ ಹೀರಿದಾಗ ಹೊರಗಿನ ಪದರ ಒಳಗಿನದಕ್ಕಿಂತ ಜಾಸ್ತಿ ಹಿಗ್ಗುತ್ತದೆ, ಪಕಳೆ ಒಳಗೆ ಬಾಗಿ ಮುಚ್ಚುತ್ತದೆ. ಒಣಗಿದಾಗ ಮತ್ತೆ ತೆರೆಯುತ್ತದೆ. ಬೀಜ ಒಣ ಗಾಳಿಯಲ್ಲೇ ಹಾರಿ ದೂರ ಹೋಗಲಿ ಅಂತ ಮರ ಮಾಡಿಕೊಂಡ ಏರ್ಪಾಡು. ಬಿದ್ದು ವರ್ಷಗಳಾದ ಕಾಯಿಯೂ ಹೀಗೇ ಮಾಡುತ್ತದೆ. ದಿನಾ ನೀರು ಚಿಮುಕಿಸುವಾಗ ಕಾಯಿ ತಪ್ಪಿಸಿ ಸೊಪ್ಪಿಗೆ ಮಾತ್ರ ಹೊಡೆಯಿರಿ.

ಇಕ್ಕಳ
ತಿರುಗುವುದಕ್ಕೆ: ಒಂದೇ ಕೊಕ್ಕೆ ಬಿಟ್ಟು ರಿಂಗ್‌ನ ಮೇಲ್ಭಾಗದಲ್ಲಿ ಒಂದು ಗೇಣು ಅಂತರದಲ್ಲಿ ಎರಡು ಕಡೆ ದಾರ ಕಟ್ಟಿ. ದಾರ ರಿಂಗ್‌ಗೆ, ಸೊಪ್ಪಿಗಲ್ಲ. ಕೆಳಗೆ ಹಿಂಬದಿ ರಿಂಗ್‌ಗೆ ಎರಡು ಸಣ್ಣ ರಬ್ಬರ್ ಮೆತ್ತೆ ಅಂಟಿಸಿ. ಗ್ಲೂ ಗನ್ ಅದಕ್ಕೆ ಬಳಸಿ.

ಅಂಟುಪುರಾಣ
ಕೊನೆಗೂ!

ಬೆಕ್ಕಿನಮನೆ
ಬಾಗಿಲಿಗೆ ಮೊಳೆ ಹೊಡೆಯುವಂತಿಲ್ಲ ನಮ್ಮಲ್ಲಿ, ಬಾಡಿಗೆ ಮನೆ. ಏನು ಮಾಡುವುದು?

ಇಕ್ಕಳ
ಅಗಲ ರಿಬ್ಬನ್‌ನಲ್ಲಿ ರೀತ್ ಕಟ್ಟಿ, ರಿಬ್ಬನ್ ಅನ್ನು ಬಾಗಿಲ ತಲೆ ಮೇಲಿಂದ ಒಳಗೆ ತನ್ನಿ. ಒಳಬದಿ ಮೇಲಂಚಿಗೆ ಡ್ರಾಯಿಂಗ್ ಪಿನ್. ಪಿನ್ ತೂತೂ ಬೇಡ ಅಂದರೆ ಅಂಟುವ ಕೊಕ್ಕೆಯನ್ನು ಒಳಬದಿ ತಲೆಕೆಳಗಾಗಿ ಅಂಟಿಸಿ ರಿಬ್ಬನ್ ಅದಕ್ಕೆ ಸಿಗಿಸಿ. ಕಬ್ಬಿಣದ ಬಾಗಿಲಾದರೆ ಮ್ಯಾಗ್ನೆಟ್ ಕೊಕ್ಕೆ.

ಸಣ್ಣಮನೆ
ಹಬ್ಬ ಆದ ಮೇಲೆ ಇದನ್ನೆಲ್ಲ ಎಸೆಯುವುದಾ?

ಕತ್ತರಿಕೈ
ಸೊಪ್ಪು ಮಾತ್ರ. ಹಿಂಬದಿ ತಂತಿಯನ್ನು ಅಲ್ಲಲ್ಲಿ ಕತ್ತರಿಸಿದರೆ ಕಂತೆ ಕಳಚುತ್ತವೆ. ರಿಂಗ್, ಕಾಯಿ, ರಿಬ್ಬನ್ ಡಬ್ಬಿಗೆ. ಸೊಪ್ಪನ್ನು ಚಿಕ್ಕದಾಗಿ ಕತ್ತರಿಸಿ ಗಿಡದ ಬುಡಕ್ಕೆ ಹಾಸಿ, ಇಲ್ಲವೇ ಗೊಬ್ಬರದ ಗುಂಡಿಗೆ ಹಾಕಿ. ಬಣ್ಣ, ಮಿನುಗು ಪುಡಿ ಹೊಡೆದಿದ್ದರೆ ಗುಂಡಿಗೆ ಬೇಡ. ತಂತಿಯ ಒಂದು ತುಂಡೂ ಒಳಗೆ ಉಳಿಯದಂತೆ ನೋಡಿಕೊಳ್ಳಿ.

ತೋಟಗಾತಿ
ರೀತ್‌ನಲ್ಲಿ ಬಾಕ್ಸ್‌ವುಡ್ (ಬೇಲಿಗೆ ಬೆಳೆಸುವ ಸಣ್ಣ ಎಲೆಯ ಗಿಡ) ಸೊಪ್ಪು ಇದ್ದರೆ ಗೊಬ್ಬರದ ಗುಂಡಿಗೂ ಬೇಡ. ಬಾಕ್ಸ್‌ವುಡ್ ಬ್ಲೈಟ್ ಅನ್ನುವ ಶಿಲೀಂಧ್ರ ರೋಗ ಕತ್ತರಿಸಿದ ಸೊಪ್ಪಿನ ಜೊತೆ ಊರೂರು ಸುತ್ತುತ್ತದೆ. ಚೀಲದಲ್ಲಿ ಕಟ್ಟಿ ಕಸಕ್ಕೆ ಕೊಡಿ, ಆ ಸೊಪ್ಪು ಕತ್ತರಿಸಿದ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಬಾಗಿಲಬಳಿ
ಎರಡು ದಾರ ಕಟ್ಟಿದೆ, ಈಗ ಅಲುಗುತ್ತಿಲ್ಲ. ಪೈನ್ ಕಾಯಿ ಮಧ್ಯಾಹ್ನದ ಹೊತ್ತಿಗೆ ಅರ್ಧ ಅರಳಿದ್ದವು. ಉಳಿದ ತೂಜದಲ್ಲಿ ಒಂದು ಚಿಕ್ಕದು ಕಟ್ಟೋಣ ಅಂತಿದ್ದೇನೆ, 15 ಸೆಂ.ಮೀ. ರಿಂಗ್. ಕಂತೆ ಎಷ್ಟುದ್ದ ಇರಲಿ?

ಕತ್ತರಿಕೈ
7-8 ಸೆಂ.ಮೀ. ತಂತಿ ಇನ್ನೂ ತೆಳ್ಳಗಿನದು, 0.5 ಮಿ.ಮೀ. ಸಾಕು. ಅಂತರ 4 ಸೆಂ.ಮೀ. ಇಟ್ಟರೆ ಹನ್ನೆರಡು ಕಂತೆಯಲ್ಲಿ ಮುಗಿಯುತ್ತದೆ.